ಡಬ್ಬಿ ಮೀನಿನ ಗಿರ್ಮಿಟ್ ಮತ್ತು ಉಪ್ಪಿನ ಕಥೆ

ಶುರು ಮಾಡೋ ಮೊದಲು ಒಂದು ಸದ್ದು ಕೇಳಿ. ಟಕ್. ಸರ್‌ರ್. ಇದು ಮೀನಿನ ಡಬ್ಬಿ ತೆರೆದ ಸದ್ದು. ರಾಣೆಬೆನ್ನೂರಿನ ನನ್ನ ರೂಮಿನಲ್ಲಿ ಕೂತಿದ್ದೀನಿ. ಎದುರಿಗೆ ಒಂದು ಬುಟ್ಟಿ ಮಂಡಕ್ಕಿ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು, ಬ್ಯಾಡಗಿ ಖಾರದ ಪುಡಿ. ಡಬ್ಬಿಯಲ್ಲಿ ಎಣ್ಣೆಗೆ ಹಾಕಿದ ಟ್ಯೂನಾ. ಐದು ನಿಮಿಷದಲ್ಲಿ ಗಿರ್ಮಿಟ್ ರೆಡಿ. ಆದರೆ ಸಮುದ್ರವೇ ಇಲ್ಲದ ಈ ಊರಿನಲ್ಲಿ ಈ ಡಬ್ಬಿ ನನ್ನ ಕೈಗೆ ಯಾಕೆ ಬಂತು ಅನ್ನೋದನ್ನ ಮೊದಲು ಹೇಳಬೇಕು.

ಕಾಲೇಜಿಗೆ ಅಂತ ಹಾವೇರಿಯಲ್ಲಿ ಬಾಡಿಗೆ ರೂಮ್ ಹಿಡಿದಿದ್ದೆ. ಊರಿಂದ ಅವ್ವ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಲ್ಲದರ ತಳಕ್ಕೆ ಪೇಪರಿನಲ್ಲಿ ಸುತ್ತಿದ ಒಣ ಮೀನು. ಒಂದು ರಾತ್ರಿ ಹಂಚಿನ ಮೇಲೆ ನಾಲ್ಕೇ ನಾಲ್ಕು ತುಂಡು ಹುರಿದೆ. ಹತ್ತು ನಿಮಿಷಕ್ಕೆ ಬಾಗಿಲು ಬಡಿದರು. “ಏನ್ ಸುಡಾಕತ್ತೀಪಾ ತಮ್ಮಾ?” ಮನೆ ಓನರ್. ಬೈಯಲಿಲ್ಲ, ಜಗಳ ಆಡಲಿಲ್ಲ. ತಿಂಗಳು ಮುಗಿಯುವಾಗ ರೂಮ್ ಬೇರೆ ನೋಡ್ಕೋ ಅಂದರು, ಅಷ್ಟೇ. ಅವತ್ತಿನಿಂದ ಬುತ್ತಿಯ ತಳದ ಆ ಪೇಪರು ಬರೋದು ನಿಂತಿತು. ನಾನೇ ಬೇಡ ಅಂದಿದ್ದೆ. ಯಾಕೆ ಅಂತ ಅವ್ವನಿಗೆ ಹೇಳಿರಲಿಲ್ಲ.

ಕನಕದಾಸರ ಕಾಗಿನೆಲೆ ಇರೋದು ಇದೇ ಬ್ಯಾಡಗಿ ತಾಲ್ಲೂಕಿನಲ್ಲಿ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಮೇಲು ಅಂತ ಜಗಳ ಬೀಳುತ್ತೆ. ಊಟದಲ್ಲಿ ಮೇಲು ಕೀಳು ನೋಡೋದು ನಮ್ಮ ಕಡೆ ಹಳೇ ರೋಗ. ಅದನ್ನು ಗುರುತಿಸಿದವರೂ ನಮ್ಮ ಕಡೆಯವರೇ.

ಒಣ ಮೀನು ಇಲ್ಲಿಗೆ ಹೊಸದಾಗಿ ಬಂದ ಪದಾರ್ಥ ಅಲ್ಲ. ನಕ್ಷೆ ತೆಗೆದು ನೋಡಿ. ಹಾವೇರಿಯಿಂದ ಪಶ್ಚಿಮಕ್ಕೆ ಹಾನಗಲ್, ಆಮೇಲೆ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ರೈಲು ಬರೋ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಎಷ್ಟರಮಟ್ಟಿಗೆ ಅಂದರೆ, ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ನಮ್ಮ ಹತ್ತಿಯ ಹೆಸರೇ ‘ಕೂಮ್ಟಾ’. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಯಲ್ಲಿ ಗಾಡಿಗಳ ಸಾಲು ಇನ್ನೂ ಉದ್ದ ಆಯ್ತು. ಇಳಿದ ಗಾಡಿ ಖಾಲಿ ಹತ್ತೋದಿಲ್ಲವಲ್ಲ? ಕರಾವಳಿಯಿಂದ ಉಪ್ಪು, ತೆಂಗಿನಕಾಯಿ, ಒಣ ಮೀನು ಮೇಲೆ ಬರುತ್ತಿತ್ತು. ಇನ್ನು ಕೆಳಗೆ ಹೋದ ಮೆಣಸಿನಕಾಯಿಯ ಲೆಕ್ಕ ಬೇಕಾದರೆ ಮಂಗಳೂರಿನ ಯಾವುದಾದರೂ ಮೀನಿನ ಹೋಟೆಲ್‌ಗೆ ಹೋಗಿ. ತಟ್ಟೆಯಲ್ಲಿರೋ ಆ ಕೆಂಪು ಬಣ್ಣ ಬ್ಯಾಡಗಿಯದು. ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಈ ಗುಣಕ್ಕೇ.

ಈಗ ಉಪ್ಪಿಗೆ ಬರೋಣ. ಮೀನು ಕೆಡದ ಹಾಗೆ ಇಡೋಕೆ ಬಿಸಿಲು ಮಾತ್ರ ಸಾಲದು, ಉಪ್ಪು ಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳೇ ಇದ್ದವು. ಆದರೆ ಉಪ್ಪಿನ ಮೇಲೆ ಬ್ರಿಟಿಷರ ತೆರಿಗೆ. 1888ರಲ್ಲಿ ಅದು ಮಣಕ್ಕೆ ಎರಡೂವರೆ ರೂಪಾಯಿ. ಮಣ ಅಂದರೆ ಸುಮಾರು 37 ಕೆಜಿ. ಅಗ್ಗದ ಮೀನಿಗೆ ಇಷ್ಟು ದುಬಾರಿ ಉಪ್ಪು ಹಾಕಿದರೆ ಬೆಸ್ತರಿಗೆ ಉಳಿಯೋದೇನು? ಸರ್ಕಾರಕ್ಕೂ ಇದು ಗೊತ್ತಾಯ್ತು. ಅದಕ್ಕೇ ಕರಾವಳಿಯಲ್ಲಿ ಬೇಲಿ ಹಾಕಿದ ಅಂಗಳಗಳನ್ನು ಮಾಡಿ, ಅದರೊಳಗೆ ಮಾತ್ರ ತೆರಿಗೆ ಇಲ್ಲದ ಉಪ್ಪು ಕೊಟ್ಟರು. ಮೀನನ್ನು ಅಲ್ಲೇ ತರಬೇಕು, ಕಾವಲುಗಾರರ ಕಣ್ಣೆದುರೇ ಉಪ್ಪು ಹಚ್ಚಬೇಕು. ನಿಮ್ಮದೇ ಸಮುದ್ರ, ನಿಮ್ಮದೇ ಮೀನು, ಉಪ್ಪಿಗೆ ಮಾತ್ರ ಪೊಲೀಸು.

1930ರ ಮಾರ್ಚ್ 12ಕ್ಕೆ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ತಂಡದಲ್ಲಿ ಒಬ್ಬನೇ ಒಬ್ಬ ಕನ್ನಡಿಗ ಇದ್ದ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಹುಡುಗ, ಮೈಲಾರ ಮಹಾದೇವಪ್ಪ. ಆಗ ಇಪ್ಪತ್ತೂ ತುಂಬಿರಲಿಲ್ಲ. ಅಂದರೆ ಇದನ್ನ ಕೇಳ್ತಿರೋ ನಿಮ್ಮಲ್ಲಿ ಹಲವರ ವಯಸ್ಸು. ಅದೇ ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಅಂಕೋಲಾದಲ್ಲೂ ಜನ ಉಪ್ಪಿನ ಕಾನೂನು ಮುರಿದರು. ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಾವೇರಿ ರೈಲ್ವೆ ನಿಲ್ದಾಣಕ್ಕೆ ಅವರ ಹೆಸರಿದೆ. ನಾನು ರೂಮ್ ಖಾಲಿ ಮಾಡಿ ಟ್ರಂಕ್ ಹೊತ್ತು ಕೂತಿದ್ದು ಅದೇ ನಿಲ್ದಾಣದಲ್ಲಿ. ಆಗ ಈ ಕಥೆ ನನಗೆ ಗೊತ್ತಿರಲಿಲ್ಲ.

ಸರಿ, ಡಬ್ಬಿ ಎಲ್ಲಿಂದ ಬಂತು? ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲಿ ನಿಕೊಲಾ ಅಪೇರ್ ಅನ್ನೋ ಮಿಠಾಯಿ ಮಾಡೋನು ಆಹಾರವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ, ನೀರಿನಲ್ಲಿ ಕುದಿಸಿದರೆ ಕೆಡೋದಿಲ್ಲ ಅಂತ ಕಂಡುಕೊಂಡ. 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಆಯ್ತು. ಡಬ್ಬಿ ತೆರೆಯೋ ಸಾಧನ ಬರೋಕೆ ಇನ್ನೂ ದಶಕಗಳೇ ಬೇಕಾದವು. ಅಲ್ಲಿವರೆಗೆ ಉಳಿ, ಸುತ್ತಿಗೆ! 1820ರ ದಶಕದಲ್ಲಿ ಫ್ರಾನ್ಸಿನ ನಾಂಟ್ ಊರಿನಲ್ಲಿ ಸಾರ್ಡೀನ್ ಡಬ್ಬಿ ಸೇರಿತು. ಸಾರ್ಡೀನ್ ಅಂದರೆ ನಮ್ಮ ತಾರ್ಲೆ, ಮಂಗಳೂರಿನವರ ಬೂತಾಯಿಯ ಬಳಗ.

ನಮ್ಮ ತೀರದಲ್ಲೂ ಪ್ರಯತ್ನ ಆಯ್ತು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆ ಕಟ್ಟಿದ ಫ್ರೆಡರಿಕ್ ನಿಕಲ್ಸನ್ ಕಾಲದಲ್ಲಿ ಕಲ್ಲಿಕೋಟೆ ಹತ್ತಿರದ ಚಾಲಿಯಂನಲ್ಲಿ ಸರ್ಕಾರವೇ ಡಬ್ಬಿ ಮೀನಿನ ಪ್ರಯೋಗ ಮಾಡಿತು. ಆದರೂ ಸಾಮಾನ್ಯರ ಅಡುಗೆಮನೆಗೆ ಡಬ್ಬಿ ಬರಲಿಲ್ಲ. ಕಾರಣ ರುಚಿ ಅಲ್ಲ, ಲೆಕ್ಕ. ಒಳಗಿನ ತಾರ್ಲೆಗಿಂತ ಹೊರಗಿನ ತಗಡು ದುಬಾರಿ. ಮುಂದೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಪೌಚ್‌ಗಳ ಬೆನ್ನು ಹತ್ತಿದ್ದಕ್ಕೆ ಈ ತಗಡಿನ ಖರ್ಚು, ತೂಕವೂ ಕಾರಣ. ಇವತ್ತಿಗೂ ಈ ಒಂದು ಡಬ್ಬಿಗೆ ನಾನು ಕೊಟ್ಟ ದುಡ್ಡಿನಲ್ಲಿ ಸಂತೆಯಿಂದ ಮನೆಮಂದಿಗೆಲ್ಲ ಆಗುವಷ್ಟು ಒಣ ಸೀಗಡಿ ತರಬಹುದು.

ಹಾಗಾದರೆ ನಾನು ಯಾಕೆ ತಗೊಂಡೆ? ಇದು ವಾಸನೆ ಬರೋದಿಲ್ಲ, ಅದಕ್ಕೆ. ಒಲೆ ಹಚ್ಚಬೇಕಿಲ್ಲ, ಕಿಟಕಿ ಮುಚ್ಚಬೇಕಿಲ್ಲ. ನಿಜ ಹೇಳ್ತೀನಿ, ಡಬ್ಬಿಯ ಬೆಲೆಯಲ್ಲಿ ಅರ್ಧ ನಾನು ಆ ಬಾಗಿಲು ಬಡಿಯೋ ಸದ್ದಿಗೆ ಹೆದರಿ ಕೊಟ್ಟಿದ್ದು.

ಈಗ ಗಿರ್ಮಿಟ್. ಡಬ್ಬಿಯ ಎಣ್ಣೆ ಚೆಲ್ಲಬೇಡಿ, ಎರಡು ಚಮಚ ತೆಗೆದಿಡಿ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಸ್ವಲ್ಪ ಹುಣಸೆ ರಸ, ಬೆಲ್ಲ, ಆ ಎಣ್ಣೆ, ಒಂದು ಚಮಚ ಬ್ಯಾಡಗಿ ಪುಡಿ ಕಲಸಿ. ಉಪ್ಪು ನೋಡಿ ಹಾಕಿ, ಮೀನಿನಲ್ಲಿ ಮೊದಲೇ ಇರುತ್ತೆ. ಮೀನು ಉದುರಿಸಿ. ಮಂಡಕ್ಕಿ, ಪುಟಾಣಿ ಹಿಟ್ಟು ಕೊನೆಗೆ, ಇಲ್ಲಾಂದ್ರೆ ಮೆತ್ತಗಾಗುತ್ತೆ. ಮಿರ್ಚಿ ಮಾಡೋದು ಗೊತ್ತಿದ್ದರೆ ಮೆಣಸಿನಕಾಯಿ ಸೀಳಿ ಇದನ್ನೇ ಮಂಡಕ್ಕಿ ಇಲ್ಲದೆ ತುಂಬಿ, ಹಿಟ್ಟಿನಲ್ಲಿ ಅದ್ದಿ ಕರೀರಿ. ಉಬ್ಬಿದ ಡಬ್ಬಿ ಸಿಕ್ಕರೆ ಮಾತ್ರ ತೆರೆಯದೆ ಎಸೆದುಬಿಡಿ.

ಹೋದ ತಿಂಗಳು ಊರಿಗೆ ಸಾರ್ಡೀನ್ ಡಬ್ಬಿ ಒಯ್ದಿದ್ದೆ. ಅವ್ವನಿಗೆ ಡಬ್ಬಿ ಅಂದರೆ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ಕಡ್ಡಿ ಜಾತಿಗಿಂತ ಗಿಡ್ಡ, ಗುಂಡಗಿನದು. “ಮೀನೂ ಡಬ್ಬಿ ಬಂತೇನು?” ಅಂತ ನಕ್ಕಳು. ಒಂದು ತುಂಡು ಬಾಯಿಗೆ ಹಾಕಿ, “ಮುಳ್ಳು ಎಲ್ಲಿ ಹೋತು?” ಅಂದಳು. ಡಬ್ಬಿಯನ್ನು ಸುಮಾರು 120 ಡಿಗ್ರಿ ಶಾಖದಲ್ಲಿ ಬೇಯಿಸ್ತಾರೆ, ಮುಳ್ಳು ಕರಗಿದಂತೆ ಮೆತ್ತಗಾಗುತ್ತೆ ಅಂತ ವಿವರಿಸಿದೆ. ತಲೆ ಆಡಿಸಿದಳು. ಅವತ್ತೇ ರೂಮಿನ ಕಥೆಯನ್ನೂ ಹೇಳಿದೆ. ಏನೂ ಮಾತಾಡಲಿಲ್ಲ. ಉಳಿದ ಮೀನನ್ನು ಹಂಚಿಗೆ ಹಾಕಿ, ಮೇಲೆ ಖಾರ ಉದುರಿಸಿ, ಅಡುಗೆಮನೆಯ ಕಿಟಕಿ ಅಗಲ ತೆರೆದಳು.