ಸಾಣೆಕಲ್ಲಿನಿಂದ ಸ್ಕೋರ್‌ವರೆಗೆ: ಕಂಪ್ಯೂಟರ್ ಎಷ್ಟು ಫಾಸ್ಟ್ ಅಂತ ಹೇಳೋರು ಯಾರು?

ಇವತ್ತಿನ ಸಂಚಿಕೆ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ.

ಕಳೆದ ಏಪ್ರಿಲ್, ರಾತ್ರಿ ಹನ್ನೊಂದೂವರೆ. ದಾವಣಗೆರೆಯಿಂದ ನನ್ನ ತಮ್ಮ. "ಅಣ್ಣ, ಮೋಸ ಹೋದ್ವಿ ಅನ್ಸುತ್ತೆ."

ವಿಷಯ ಇಷ್ಟೇ. ಅವನು ಆ್ಯನಿಮೇಷನ್ ಕಲೀತಿದಾನೆ. ಅದಕ್ಕೆ ಅಂತ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ. ಗೇಮ್ ಆಡೋದಕ್ಕೂ ಹೌದು, ಸುಳ್ಳು ಯಾಕೆ ಹೇಳಲಿ. ಅಮ್ಮ ತಮ್ಮ ಚೀಟಿ ಬೇಗ ಎತ್ತಿ ಅರ್ಧ ದುಡ್ಡು ಕೊಟ್ಟಿದ್ರು, ಉಳಿದದ್ದು 12 ತಿಂಗಳ ಇಎಂಐ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇರೋ ಮಷೀನು. ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೊದಲ್ಲಿ ಅದೇ ಕಾರ್ಡಿನ ಲ್ಯಾಪ್‌ಟಾಪ್‌ಗೆ 3ಡಿಮಾರ್ಕ್ ಟೈಮ್ ಸ್ಪೈ ಟೆಸ್ಟ್‌ನಲ್ಲಿ ಹತ್ತು ಸಾವಿರದ ಮೇಲೆ ಸ್ಕೋರ್ ಬಂದಿತ್ತು. ನಮ್ಮ ಹುಡುಗನ ಮಷೀನಿಗೆ ಬಂದಿದ್ದು 7,400. ವಾಪಸ್ ಕೊಡೋಕೆ ಏಳು ದಿನ ಟೈಮು. ಅವತ್ತು ಐದನೇ ದಿನ.

ನಾನು ಇತಿಹಾಸದ ಪಾಡ್‌ಕಾಸ್ಟ್ ಮಾಡೋನು, ಲ್ಯಾಪ್‌ಟಾಪ್ ರಿಪೇರಿ ಮಾಡೋನಲ್ಲ. ಆದ್ರೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಪ್ರಶ್ನೆ ತಲೆಯಲ್ಲಿ: ಈ ಹತ್ತು ಸಾವಿರ ಅನ್ನೋದನ್ನ "ಸರಿ" ಅಂತ ಹೇಳಿದ್ದು ಯಾರು? ಕಂಪ್ಯೂಟರಿಗೆ ಮಾರ್ಕ್ಸ್ ಕೊಡೋ ಪದ್ಧತಿ ಎಲ್ಲಿಂದ ಬಂತು?

ಬೆಂಚ್‌ಮಾರ್ಕ್ ಅನ್ನೋ ಪದ ಕಂಪ್ಯೂಟರಿನದ್ದೇ ಅಲ್ಲ, ಭೂಮಿ ಅಳೆಯೋರದ್ದು. ಸರ್ವೆ ಮಾಡುವಾಗ ಎತ್ತರ ಗೊತ್ತಿರುವ ಜಾಗದ ಕಲ್ಲಿನಲ್ಲಿ ಅಡ್ಡಗೀಟು ಕೊರೆಯೋರು. ಮುಂದಿನ ಸಲ ಅದೇ ಗೀಟಿಗೆ ಅಳತೆಕೋಲು ಆನಿಸಿ ಎತ್ತರ ನೋಡೋರು. ನಮ್ಮಲ್ಲೂ ಹಳೇ ಸರ್ಕಾರಿ ಕಟ್ಟಡಗಳ ಕಾಂಪೌಂಡಿನಲ್ಲಿ ಜಿ.ಟಿ.ಎಸ್. ಬಿ.ಎಂ. ಅಂತ ಕೊರೆದ ಕಲ್ಲುಗಳು ಇನ್ನೂ ಸಿಗುತ್ತವೆ. ಬ್ರಿಟಿಷರ ಕಾಲದ ಗ್ರೇಟ್ ಟ್ರಿಗೊನಾಮೆಟ್ರಿಕಲ್ ಸರ್ವೆಯ ಗುರುತು ಅದು. ಆ ಕಲ್ಲಿನ ಗುಣ ಏನು ಅಂದ್ರೆ, ಅದು ಅಲ್ಲಾಡಲ್ಲ. ಕಂಪ್ಯೂಟರ್ ಬೆಂಚ್‌ಮಾರ್ಕಿನ ಇಡೀ ಕತೆ ಅಂದ್ರೆ ಅಲ್ಲಾಡದ ಕಲ್ಲು ಹುಡುಕಿದ್ದು, ಅದನ್ನ ಯಾರೋ ಪ್ರತಿ ಸಲ ಅಲ್ಲಾಡಿಸಿದ್ದು.

ಮೊದಲ ಕಲ್ಲು ನಿಜಕ್ಕೂ ಕಲ್ಲಿನ ಹೆಸರಿನದ್ದೇ. ವೆಟ್‌ಸ್ಟೋನ್. ಕನ್ನಡದಲ್ಲಿ ಹೇಳಬೇಕಂದ್ರೆ ಸಾಣೆಕಲ್ಲು. ಇಂಗ್ಲೆಂಡಿನ ಲೆಸ್ಟರ್ ಹತ್ತಿರ ಆ ಹೆಸರಿನ ಒಂದು ಊರಿದೆ. ಅಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯವರು ಆಲ್ಗಾಲ್ ಭಾಷೆಗೆ ಒಂದು ಕಂಪೈಲರ್ ಬರೆದಿದ್ರು, ಅದಕ್ಕೆ ಊರಿನ ಹೆಸರೇ ಬಂತು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿದ್ದ ಬ್ರಯನ್ ವಿಚ್‌ಮನ್ ಆ ಕಂಪೈಲರ್ ಇಟ್ಕೊಂಡು ನೂರಾರು ನಿಜವಾದ ಪ್ರೋಗ್ರಾಮುಗಳನ್ನ ನೋಡಿದರು. ವಿಜ್ಞಾನಿಗಳು ಬರೆದ ಪ್ರೋಗ್ರಾಮಿನಲ್ಲಿ ಕೂಡೋದು ಎಷ್ಟು, ಗುಣಿಸೋದು ಎಷ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರೋದು ಎಷ್ಟು, ಎಲ್ಲ ಲೆಕ್ಕ. ಹೆರಾಲ್ಡ್ ಕರ್ನೋ 1972ರಲ್ಲಿ ಆ ಲೆಕ್ಕಕ್ಕೆ ಸರಿಹೊಂದುವ ಹಾಗೆ ಒಂದು ಕೃತಕ ಪ್ರೋಗ್ರಾಮ್ ಬರೆದರು. ಅದು ಯಾವ ಕೆಲಸವನ್ನೂ ಮಾಡಲ್ಲ. ಸುಮ್ನೆ ನಿಜವಾದ ಕೆಲಸದ ಹದದಲ್ಲಿ ಮಷೀನನ್ನ ದುಡಿಸುತ್ತೆ, ಅಷ್ಟೇ.

ನನಗೆ ಇಷ್ಟವಾದ ವಿಷಯ ಇದು: ಕರ್ನೋ ಇದ್ದದ್ದು ಬ್ರಿಟಿಷ್ ಸರ್ಕಾರಕ್ಕೆ ಕಂಪ್ಯೂಟರ್ ಖರೀದಿ ನೋಡಿಕೊಳ್ಳುವ ಇಲಾಖೆಯಲ್ಲಿ. ಅಂದ್ರೆ ಈ ಟೆಸ್ಟು ಮೂಲದಲ್ಲೇ ಕೊಳ್ಳೋನ ಕೈಲಿದ್ದ ಅಸ್ತ್ರ. ಮಾರೋನು ಹೇಳಿದ್ದನ್ನ ಪೂರ್ತಿ ನಂಬಬಾರದು ಅಂತ ಹುಟ್ಟಿದ್ದು. ನನ್ನ ತಮ್ಮ ರಾತ್ರಿ ಹನ್ನೊಂದೂವರೆಗೆ ಮಾಡ್ತಿದ್ದದ್ದೂ ಅದನ್ನೇ.

1984ರಲ್ಲಿ ಸೀಮೆನ್ಸ್ ಕಂಪನಿಯ ರೈನ್‌ಹೋಲ್ಡ್ ವೈಕರ್ ಇನ್ನೊಂದು ಟೆಸ್ಟ್ ಬರೆದರು. ವೆಟ್‌ಸ್ಟೋನ್‌ನ ಮೊದಲ ಭಾಗ "ಒದ್ದೆ" ಅನ್ನೋ ಇಂಗ್ಲಿಷ್ ಪದದ ಹಾಗೆ ಕೇಳಿಸುತ್ತಲ್ವಾ, ಅದಕ್ಕೆ ಇವರು ತಮಾಷೆಗೆ ಡ್ರೈಸ್ಟೋನ್ ಅಂತ ಹೆಸರಿಟ್ಟರು. ಒಣಕಲ್ಲು! ಇಂಜಿನಿಯರುಗಳ ಹಾಸ್ಯ, ಬಿಡಿ. ಆದರೆ ಅಲ್ಲೇ ಮೊದಲ ಬಿರುಕು ಕಾಣಿಸಿದ್ದು. ಕೃತಕ ಪ್ರೋಗ್ರಾಮು ಮಾಡೋ ಲೆಕ್ಕದ ಉತ್ತರ ಯಾರಿಗೂ ಬೇಕಿಲ್ಲ. ಇದು ಜಾಣ ಕಂಪೈಲರುಗಳಿಗೆ ಗೊತ್ತಾಗ್ತಿತ್ತು. "ಬಳಸದ ಉತ್ತರಕ್ಕೆ ಲೆಕ್ಕ ಯಾಕೆ" ಅಂತ ಆ ಭಾಗವನ್ನೇ ತೆಗೆದುಹಾಕ್ತಿದ್ವು. ಮಷೀನ್ ಫಾಸ್ಟ್ ಆಗಲಿಲ್ಲ, ಹೋಮ್‌ವರ್ಕ್ ಕಡಿಮೆ ಆಯ್ತು. ಇದನ್ನ ತಡೆಯೋಕೆ 1988ರಲ್ಲಿ ಟೆಸ್ಟಿನ ಎರಡನೇ ಆವೃತ್ತಿ ಬರಬೇಕಾಯ್ತು.

ಅದೇ ವರ್ಷ ಕೆಲವು ಕಂಪನಿಗಳು ಸೇರಿ ಸ್ಪೆಕ್ ಅನ್ನೋ ಸಂಸ್ಥೆ ಕಟ್ಟಿದವು, ನಿಜವಾದ ಪ್ರೋಗ್ರಾಮುಗಳಿಂದಲೇ ಅಳೆಯೋಣ ಅಂತ. ಅವರ 1989ರ ಪಟ್ಟಿಯಲ್ಲಿ ಮ್ಯಾಟ್ರಿಕ್ಸ್300 ಅಂತ ಒಂದಿತ್ತು. ಅದರ ಶೇ. 99ರಷ್ಟು ಸಮಯ ಒಂದೇ ಒಂದು ಸಾಲಿನ ಕೋಡಿನಲ್ಲಿ ಕಳೀತಿತ್ತು. ಕಂಪೈಲರ್ ಬರೆಯೋರು ಆ ಒಂದು ಸಾಲನ್ನ ಹಿಡಿದರು, ಸ್ಕೋರ್ ಹಲವು ಪಟ್ಟು ಜಿಗಿಯಿತು. ಮುಂದಿನ ಆವೃತ್ತಿಯಲ್ಲಿ ಆ ಟೆಸ್ಟನ್ನೇ ಕೈಬಿಟ್ಟರು. ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತೆ ಅಂತ ಗೊತ್ತಿದ್ರೆ ನಾವೂ ಹಾಗೇ ಓದ್ತಿದ್ವಿ, ಅಲ್ವಾ?

ಈಗ ಗೇಮಿಂಗ್‌ಗೆ ಬರೋಣ. ಇಲ್ಲಿ ಕತೆ ರಂಗೇರುತ್ತೆ.

2001ರ ಅಕ್ಟೋಬರ್. ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡು ಹೊಸದಾಗಿ ಬಂದಿತ್ತು. ಆ ಕಾಲದಲ್ಲಿ ಎಲ್ಲರೂ ಕಾರ್ಡ್ ಅಳೆಯೋದು ಕ್ವೇಕ್ 3 ಗೇಮಿನಿಂದ. ಹಾರ್ಡ್‌ಒಸಿಪಿ ಅನ್ನೋ ವೆಬ್‌ಸೈಟಿನವರು ಒಂದು ಚೇಷ್ಟೆ ಮಾಡಿದರು. ಗೇಮಿನ ಫೈಲಿನಲ್ಲಿ ಕ್ವೇಕ್ ಅಂತ ಇದ್ದ ಕಡೆಯೆಲ್ಲ "ಕ್ವ್ಯಾಕ್" ಅಂತ ಹೆಸರು ಬದಲಾಯಿಸಿದರು. ಕ್ವ್ಯಾಕ್ ಅಂದ್ರೆ ಬಾತುಕೋಳಿ ಕೂಗೋ ಸದ್ದು. ಗೇಮು ಅದೇ, ಕಾರ್ಡು ಅದೇ, ವೇಗ ಮಾತ್ರ ಇಳೀತು. ಯಾಕಂದ್ರೆ ಡ್ರೈವರ್ ಸಾಫ್ಟ್‌ವೇರು ಹೆಸರು ನೋಡಿ "ಓ, ಇದು ಕ್ವೇಕ್" ಅಂತ ಗುರುತಿಸಿ ಚಿತ್ರದ ಗುಣಮಟ್ಟವನ್ನ ಸದ್ದಿಲ್ಲದೆ ಇಳಿಸ್ತಿತ್ತು.

ಎರಡು ವರ್ಷ ಆದ ಮೇಲೆ ಎನ್‌ವಿಡಿಯಾದ ಸರದಿ. ಫಿನ್‌ಲೆಂಡಿನ ಫ್ಯೂಚರ್‌ಮಾರ್ಕ್ ಕಂಪನಿಯದ್ದಾಗಿತ್ತು 3ಡಿಮಾರ್ಕ್. ನನ್ನ ತಮ್ಮ ಓಡಿಸಿದ ಟೆಸ್ಟೂ ಅದೇ ವಂಶದ್ದು. ಅದರಲ್ಲಿ ಕ್ಯಾಮೆರಾ ಪ್ರತಿ ಸಲ ಒಂದೇ ದಾರಿಯಲ್ಲಿ ಹೋಗುತ್ತೆ, ಹಾಗಾಗಿ ಯಾವ ಮೂಲೆ ಕಾಣುತ್ತೆ, ಯಾವುದು ಕಾಣಲ್ಲ ಅಂತ ಮೊದಲೇ ಗೊತ್ತು. ಎನ್‌ವಿಡಿಯಾ ಡ್ರೈವರು ಕಾಣದ ಭಾಗಗಳನ್ನ ಬಿಡಿಸೋಕೇ ಹೋಗ್ತಿರಲಿಲ್ಲ. ನಾಟಕದ ಸೆಟ್ ಇರುತ್ತಲ್ಲ, ಪ್ರೇಕ್ಷಕರ ಕಡೆ ಅರಮನೆ, ಹಿಂದೆ ಬರೀ ಬಿದಿರು, ಹಾಗೆ. ಕ್ಯಾಮೆರಾವನ್ನ ದಾರಿಯಿಂದ ಆಚೆ ತಿರುಗಿಸೋಕೆ ಅವಕಾಶ ಇದ್ದ ವಿಶೇಷ ಆವೃತ್ತಿಯಲ್ಲಿ ಪತ್ರಕರ್ತರು ನೋಡಿದಾಗ ಬಿದಿರು ಕಾಣಿಸ್ತು. 2003ರ ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ಒಂದು ಪ್ಯಾಚ್ ಬಿಟ್ಟಿತು. ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾ ಕಾರ್ಡಿನ ಸ್ಕೋರ್ ಸುಮಾರು ಶೇ. 24ರಷ್ಟು ಬಿತ್ತು. ಎಟಿಐ ಕಾರ್ಡಿನದ್ದೂ ಸುಮಾರು ಶೇ. 2ರಷ್ಟು ಬಿತ್ತು, ಅಂದ್ರೆ ಅವರ ಕೈಯೂ ಪೂರ್ತಿ ಶುದ್ಧ ಇರಲಿಲ್ಲ. ಮೊದಲು "ಚೀಟಿಂಗ್" ಅಂದಿದ್ದ ಫ್ಯೂಚರ್‌ಮಾರ್ಕ್, ಜೂನ್‌ನಲ್ಲಿ ಎನ್‌ವಿಡಿಯಾ ಜೊತೆ ಜಂಟಿ ಹೇಳಿಕೆ ಕೊಟ್ಟು "ಚೀಟಿಂಗ್ ಅಲ್ಲ, ಆಪ್ಟಿಮೈಸೇಷನ್" ಅಂತು. ಆ ಪದಬದಲಾವಣೆ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಫೋನುಗಳೂ ಬಿಡಲಿಲ್ಲ. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ನಲ್ಲಿ ಬೆಂಚ್‌ಮಾರ್ಕ್ ಆ್ಯಪ್ ತೆರೆದಾಗ ಮಾತ್ರ ಗ್ರಾಫಿಕ್ಸ್ ಚಿಪ್ 532 ಮೆಗಾಹರ್ಟ್ಸ್‌ಗೆ ಏರ್ತಿತ್ತು. ಬೇರೆ ಗೇಮ್‌ಗಳಿಗೆ 480ಕ್ಕೇ ನಿಲ್ತಿತ್ತು. ನೀವು ಈಗ ಈ ಸಂಚಿಕೆ ಕೇಳ್ತಿರೋ ಫೋನಿನ ಅಜ್ಜಂದಿರು ಇವೆಲ್ಲ.

ಇಷ್ಟು ಓದುವಷ್ಟರಲ್ಲಿ ಬೆಳಗಿನ ಜಾವ. ನನಗೆ ಅನ್ನಿಸಿದ್ದು, ಇಲ್ಲಿವರೆಗೆ ನೋಡಿದ ಮೋಸ ಎಲ್ಲ ಸ್ಕೋರು ಜಾಸ್ತಿ ತೋರಿಸೋದು. ನಮ್ಮದು ಉಲ್ಟಾ. ಕಡಿಮೆ ಬಂದಿದೆ. ಹಾಗಾದ್ರೆ?

ಅದಕ್ಕೆ ಉತ್ತರ ಬೇರೊಂದು ಇತಿಹಾಸದಲ್ಲಿದೆ, ಬಿಸಿಯ ಇತಿಹಾಸದಲ್ಲಿ. ಒಂದು ಕಾಲಕ್ಕೆ ಪ್ರೊಸೆಸರ್ ಅಂದ್ರೆ ಒಂದೇ ವೇಗ. ಡಬ್ಬಿ ಮೇಲೆ ಬರೆದದ್ದೇ ಒಳಗೂ ಇರ್ತಿತ್ತು. ಟ್ರಾನ್ಸಿಸ್ಟರ್ ಸಣ್ಣದಾದ ಹಾಗೆ ವಿದ್ಯುತ್ತೂ ಕಡಿಮೆ ಬೇಕಾಗುತ್ತೆ ಅಂತ 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಜೊತೆಗಾರರು ತೋರಿಸಿದ್ದರು. ಮೂವತ್ತು ವರ್ಷ ಅದು ನಡೀತು, ಆಮೇಲೆ ನಿಂತಿತು. 2004ರಲ್ಲಿ ಇಂಟೆಲ್ ತನ್ನ ಮುಂದಿನ ಪೆಂಟಿಯಂ 4 ಚಿಪ್ ಟೇಹಸ್ ಅನ್ನೇ ರದ್ದು ಮಾಡ್ತು. ಆಮೇಲೆ 2008ರಲ್ಲಿ ಟರ್ಬೊ ಬೂಸ್ಟ್ ಬಂತು: ತಂಪಾಗಿದ್ದರೆ ಓಡು, ಬಿಸಿಯಾದರೆ ನಡಿ. ಅವತ್ತಿಂದ ಕಂಪ್ಯೂಟರಿನ ವೇಗ ಅನ್ನೋದು ಒಂದು ಸಂಖ್ಯೆ ಅಲ್ಲ. ಕೋಣೆ, ಫ್ಯಾನು, ಚಾರ್ಜರು, ಕಂಪನಿ ಹಾಕಿದ ಮಿತಿ, ಎಲ್ಲ ಸೇರಿ ಆಗೋ ಒಪ್ಪಂದ.

ಲ್ಯಾಪ್‌ಟಾಪಿನಲ್ಲಿ ಈ ಒಪ್ಪಂದ ಮುರಿದದ್ದನ್ನ ಜಗತ್ತೇ ನೋಡಿದ್ದು 2018ರ ಜುಲೈನಲ್ಲಿ. ಆಪಲ್‌ನ ಹೊಸ ಮ್ಯಾಕ್‌ಬುಕ್ ಪ್ರೊ, ಒಳಗೆ ಕೋರ್ ಐ9. ಡೇವ್ ಲೀ ಅನ್ನೋ ಯೂಟ್ಯೂಬರ್ ಅದನ್ನ ಫ್ರೀಜರ್ ಒಳಗೆ ಇಟ್ಟು ವಿಡಿಯೊ ರೆಂಡರ್ ಮಾಡಿದ್ರು. ಹೊರಗೆ ಇಟ್ಟಾಗಿನದಕ್ಕಿಂತ ಕೆಲಸ ಬಹಳ ಬೇಗ ಮುಗೀತು! ಕೆಲವೇ ದಿನದಲ್ಲಿ ಆಪಲ್, ಬಿಸಿ ನಿಭಾಯಿಸೋ ವ್ಯವಸ್ಥೆಗೆ ಬೇಕಾದ ಒಂದು ಡಿಜಿಟಲ್ ಕೀ ಫರ್ಮ್‌ವೇರ್‌ನಲ್ಲಿ ಬಿಟ್ಟುಹೋಗಿತ್ತು ಅಂತ ಒಪ್ಪಿಕೊಂಡು, ಕ್ಷಮೆ ಕೇಳಿ, ಅಪ್‌ಡೇಟ್ ಕೊಟ್ಟಿತು.

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ. "ಫ್ರೀಜರ್‌ನಲ್ಲಿ ಇಡಬೇಡ, ಮೊದಲೇ ಹೇಳ್ತೀನಿ. ಟೆಸ್ಟ್ ಎಲ್ಲಿ ಇಟ್ಕೊಂಡು ಓಡಿಸಿದೆ?"

"ಹಾಸಿಗೆ ಮೇಲೆ."

"ಎಷ್ಟೊತ್ತಿಗೆ?"

"ಮಧ್ಯಾಹ್ನ ಮೂರಕ್ಕೆ."

ದಾವಣಗೆರೆ, ಏಪ್ರಿಲ್, ತಾರಸಿ ಕೆಳಗಿನ ಕೋಣೆ, ಮಧ್ಯಾಹ್ನ ಮೂರು ಗಂಟೆ. ಲ್ಯಾಪ್‌ಟಾಪು ಗಾಳಿ ಎಳೆಯೋದು ಅಡಿಯಿಂದ. ಅಡಿಯಲ್ಲಿ ಹತ್ತಿ ಹಾಸಿಗೆ. ಕೋಣೆ ಹತ್ತು ಡಿಗ್ರಿ ಬಿಸಿ ಇದ್ರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಬೇಗ ತನ್ನ ಮಿತಿ ಮುಟ್ಟುತ್ತೆ, ಆಮೇಲೆ ತಾನೇ ವೇಗ ಇಳಿಸ್ಕೊಳ್ಳುತ್ತೆ. ಜೊತೆಗೆ ಫ್ಯಾನ್ ಸದ್ದು ಅಮ್ಮನಿಗೆ ಕಿರಿಕಿರಿ ಅಂತ ಇವನು ಸೈಲೆಂಟ್ ಮೋಡ್‌ಗೆ ಹಾಕಿದ್ದ. ಟೇಬಲ್ ಮೇಲೆ ಇಟ್ಟು, ಹಿಂಭಾಗವನ್ನ ಎರಡು ಪುಸ್ತಕದ ಮೇಲೆ ಎತ್ತಿ, ಪರ್ಫಾರ್ಮೆನ್ಸ್ ಮೋಡ್ ಹಾಕಿ, ಬಾಕ್ಸಿನಲ್ಲಿ ಬಂದ ದೊಡ್ಡ ಚಾರ್ಜರೇ ಚುಚ್ಚಿ, ಮತ್ತೆ ಓಡಿಸು ಅಂದೆ.

8,600.

ಇನ್ನೂ ಹತ್ತು ಸಾವಿರ ಇಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಮೆಮೊರಿ ಎರಡು ಸ್ಲಾಟಿನಲ್ಲಿ ಒಂದೇ ತುಂಬಿತ್ತು. ಒಂಟಿ ಎತ್ತು ಕಟ್ಟಿದ ಗಾಡಿ. ಪ್ರೊಸೆಸರಿನ ಸ್ಕೋರಿಗೆ ಅದೂ ಒಂದು ಹೊಡೆತ. ಆದರೆ ದೊಡ್ಡ ಕಾರಣ ಕಂಪನಿಯ ವೆಬ್‌ಸೈಟಿನ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು: ಗ್ರಾಫಿಕ್ಸ್‌ಗೆ ಗರಿಷ್ಠ 75 ವ್ಯಾಟ್. ವಿಡಿಯೊದಲ್ಲಿದ್ದ ಮಷೀನು ಅದೇ ಕಾರ್ಡಿಗೆ 140 ವ್ಯಾಟ್ ಕೊಡ್ತಿತ್ತು. ಹೆಸರು ಒಂದೇ, ಊಟ ಬೇರೆ.

ಇದಕ್ಕೂ ಒಂದು ಹಿನ್ನೆಲೆ ಇದೆ. 2017ರಿಂದ ಕಡಿಮೆ ವಿದ್ಯುತ್ತಿನ ಕಾರ್ಡುಗಳಿಗೆ ಮ್ಯಾಕ್ಸ್-ಕ್ಯು ಅಂತ ಬೇರೆ ಹೆಸರು ಇತ್ತು, ಕೊಳ್ಳೋನಿಗೆ ಒಂದು ಸುಳಿವು ಸಿಗ್ತಿತ್ತು. 2021ರಲ್ಲಿ ಆರ್‌ಟಿಎಕ್ಸ್ 30 ಸರಣಿ ಬಂದಾಗ ಹೆಸರಿನಿಂದ ಅದು ಹೋಯ್ತು. ಒಂದೇ 3080 ಹೆಸರಿನ ಲ್ಯಾಪ್‌ಟಾಪ್ ಕಾರ್ಡು 80 ವ್ಯಾಟಿನಿಂದ 150ರವರೆಗೆ ಯಾವುದೂ ಆಗಬಹುದು. ಗಲಾಟೆ ಆದ ಮೇಲೆ, ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ವ್ಯಾಟ್ ಹೇಳಬೇಕು ಅಂತ ಎನ್‌ವಿಡಿಯಾ ಅಂತು. 4060 ಲ್ಯಾಪ್‌ಟಾಪ್ ಕಾರ್ಡಿಗಂತೂ ಅಧಿಕೃತ ವ್ಯಾಪ್ತಿಯೇ 35ರಿಂದ 115 ವ್ಯಾಟ್, ಅದರ ಮೇಲೆ ಬೂಸ್ಟ್ ಬೇರೆ. ನಾವು ಕೊಂಡ ಆನ್‌ಲೈನ್ ಅಂಗಡಿಯ ಪುಟದಲ್ಲಿ ಕಾರ್ಡಿನ ಹೆಸರು ದಪ್ಪ ಅಕ್ಷರದಲ್ಲಿತ್ತು, ವ್ಯಾಟ್ ಎಲ್ಲೂ ಇರಲಿಲ್ಲ. ಯಾರೂ ಸುಳ್ಳು ಹೇಳಿಲ್ಲ. ಆದ್ರೂ ಅಮ್ಮನ ಚೀಟಿ ದುಡ್ಡು.

ಆರನೇ ದಿನ ರಾತ್ರಿ ಮನೆಯಲ್ಲಿ ಚರ್ಚೆ. ವಾಪಸ್ ಕೊಟ್ಟರೆ 140 ವ್ಯಾಟಿನ ಮಷೀನಿಗೆ ಇನ್ನೂ ಇಪ್ಪತ್ತು ಸಾವಿರ ಬೇಕು. ನಾನು "ಕೊಟ್ಬಿಡು, ಉಳಿದದ್ದು ನಾನು ಹಾಕ್ತೀನಿ" ಅಂದೆ. ಅವನು ಒಪ್ಪಲಿಲ್ಲ. ಏಳನೇ ದಿನ ಬೆಳಿಗ್ಗೆ ತಾನೇ ಮಾಡಿದ ಒಂದು ಚಿಕ್ಕ ಆ್ಯನಿಮೇಷನ್ನನ್ನ ಬ್ಲೆಂಡರ್‌ನಲ್ಲಿ ಹಾಕಿ ರೆಂಡರ್‌ಗೆ ಬಿಟ್ಟ. ಎತ್ತಿನಗಾಡಿ ಒಂದು ಹಳ್ಳ ದಾಟೋದು, ಎಂಟು ಸೆಕೆಂಡ್. ಕಾಲೇಜ್ ಲ್ಯಾಬಿನ ಕಂಪ್ಯೂಟರಿನಲ್ಲಿ ಅದಕ್ಕೆ ಇಡೀ ಮಧ್ಯಾಹ್ನ ಹಿಡಿದಿತ್ತು. ಇಲ್ಲಿ ಅವನು ಸ್ನಾನ ಮಾಡಿ, ದೋಸೆ ತಿಂದು ಬರೋಷ್ಟರಲ್ಲಿ ಮುಗಿದಿತ್ತು.

ಲ್ಯಾಪ್‌ಟಾಪ್ ಉಳೀತು. ಮುಂದಿನ ತಿಂಗಳು ಇನ್ನೊಂದು ಮೆಮೊರಿ ಹಾಕಿಸಿದ್ವಿ, ಸ್ಕೋರ್ ಒಂಬತ್ತು ಸಾವಿರದ ಹತ್ತಿರ ಬಂತು. ಅಂಗಡಿಯ ಪುಟದಲ್ಲಿ ರಿವ್ಯೂ ಬರೆಯೋ ಜಾಗದಲ್ಲಿ ತಮ್ಮ ಮೂರು ಸ್ಟಾರ್ ಕೊಟ್ಟು ಒಂದೇ ಸಾಲು ಹಾಕಿದ: "ಇದು 75 ವ್ಯಾಟ್, ನೋಡಿ ತಗೊಳ್ಳಿ." ಹಿಂಭಾಗಕ್ಕೆ ಕೊಟ್ಟಿದ್ದ ಎರಡು ಪುಸ್ತಕ ಇನ್ನೂ ಅಲ್ಲೇ ಇವೆ, ಅವನ ಪಿಯುಸಿ ಫಿಸಿಕ್ಸ್ ಗೈಡುಗಳು. ಅಮ್ಮ ಮಾತ್ರ ಫ್ಯಾನ್ ಜೋರಾದಾಗೆಲ್ಲ ಅಡುಗೆಮನೆಯಿಂದಲೇ ಕೇಳ್ತಾರೆ: "ಇವತ್ತು ಎಷ್ಟು ಬಂತೋ?"