ಮೇಜಿನ ಮೇಲಣ ಮೊಲ

1893ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜೀವಶಾಸ್ತ್ರದ ಪಠ್ಯಪುಸ್ತಕವೊಂದನ್ನು ತೆರೆದವರಿಗೆ ಮೊಟ್ಟಮೊದಲು ಎದುರಾಗುವ ಪ್ರಾಣಿ ಮೊಲ. ಅದರ ಹೊರರೂಪದಿಂದ ತೊಡಗಿ ಕರುಳು, ರಕ್ತನಾಳ, ತಲೆಬುರುಡೆ, ಮಿದುಳುಗಳವರೆಗೆ ಒಂದೊಂದನ್ನೂ ಕ್ರಮವಾಗಿ ಬಿಡಿಸಿ ತೋರಿಸುವ ಆ ಗ್ರಂಥ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆಂದು ಸಿದ್ಧವಾದದ್ದು. ಅದರ ಕರ್ತೃ, ಹೊಟ್ಟೆಪಾಡಿಗಾಗಿ ಪಾಠ ಹೇಳಿಕೊಂಡಿದ್ದ ಹರ್ಬರ್ಟ್ ಜಾರ್ಜ್ ವೆಲ್ಸ್ ಎಂಬ ತರುಣ. ಇದಾದ ಐದು ವರ್ಷಗಳೊಳಗೆ ಅದೇ ಲೇಖನಿಯಿಂದ ಎರಡು ಕಾದಂಬರಿಗಳು ಹೊರಟವು. 1896ರ ‘ಡಾಕ್ಟರ್ ಮೊರೋನ ದ್ವೀಪ’ದಲ್ಲಿ ವೈದ್ಯನೊಬ್ಬನು ಮೃಗಗಳನ್ನು ಕೊಯ್ದು ಹೊಲಿದು ಮನುಷ್ಯರನ್ನಾಗಿ ಮಾಡಹೊರಡುತ್ತಾನೆ, 1898ರಲ್ಲಿ ಗ್ರಂಥರೂಪದಲ್ಲಿ ಬಂದ ‘ಲೋಕಗಳ ಯುದ್ಧ’ದಲ್ಲಿ ಮಂಗಳಗ್ರಹದ ಜೀವಿಗಳು ಇಂಗ್ಲೆಂಡಿನ ಮೇಲೆ ಇಳಿದು ಮನುಷ್ಯರನ್ನು ಬೇಟೆಯಾಡುತ್ತವೆ. ವಿಜ್ಞಾನದ ವೇಷ ತೊಟ್ಟ ಭಯದ ಕಥೆಗಳೆಂದು ಇಂದು ರಾಶಿರಾಶಿಯಾಗಿ ಬರುತ್ತಿರುವ ಕಾದಂಬರಿಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಮೊಮ್ಮಕ್ಕಳು.

ನಮ್ಮ ಆಲಂಕಾರಿಕರು ಭಯಾನಕ, ಬೀಭತ್ಸಗಳನ್ನು ಎರಡು ಬೇರೆ ರಸಗಳೆಂದೆಣಿಸಿ ಭಯ, ಜುಗುಪ್ಸೆಗಳೆಂಬ ಎರಡು ಬೇರೆ ಸ್ಥಾಯಿಗಳನ್ನು ಹೇಳಿದರು. ಆ ಲೆಕ್ಕದಂತೆ ಮಂಗಳದವರ ಕಥೆ ಭಯಾನಕ, ಮೊರೋನ ಕಥೆ ಬೀಭತ್ಸ ಎಂದು ವಿಂಗಡಿಸಿ ಸುಮ್ಮನಾಗಬಹುದು. ಆದರೆ ಇವೆರಡೂ ಒಂದೇ ಬೇರಿನಿಂದ ಒಡೆದ ಕವಲುಗಳೆಂದೂ, ಆ ಬೇರು ಕಲ್ಪನೆಯ ನೆಲದಲ್ಲಿರದೆ ಆ ಕಾಲದ ಇಂಗ್ಲೆಂಡಿನ ನ್ಯಾಯಸ್ಥಾನ, ಪ್ರಯೋಗಶಾಲೆ, ವಸಾಹತುಗಳ ನಿಜವಾದ ಮಣ್ಣಿನಲ್ಲಿತ್ತೆಂದೂ ನನ್ನ ಎಣಿಕೆ.

ಮೊದಲು ಪ್ರಯೋಗಶಾಲೆಯ ವಿಷಯ. 1874ರ ಆಗಸ್ಟಿನಲ್ಲಿ ನಾರ್ವಿಚ್ ನಗರದಲ್ಲಿ ಬ್ರಿಟಿಷ್ ವೈದ್ಯರ ಸಂಘದ ಸಮ್ಮೇಳನ ನಡೆದಾಗ, ಮಾನ್ಯಾನ್ ಎಂಬ ಫ್ರೆಂಚ್ ವೈದ್ಯನು ಸಭಿಕರ ಮುಂದೆ ನಾಯಿಗಳ ರಕ್ತನಾಳಕ್ಕೆ ಮದ್ಯವನ್ನು ತುಂಬಿ ಅದರ ಪರಿಣಾಮವನ್ನು ತೋರಿಸಲು ಹೋಗಿ, ಸಭೆಯಲ್ಲಿ ಗದ್ದಲವೆದ್ದು, ಸಂಗತಿ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ಸರ್ಕಾರ ವಿಚಾರಣಾ ಆಯೋಗವೊಂದನ್ನು ನೇಮಿಸಿತು. ಅದರ ಮುಂದೆ ಸಾಕ್ಷ್ಯ ನುಡಿದ ಇಮ್ಯಾನ್ಯುಯೆಲ್ ಕ್ಲೈನ್ ಎಂಬ ವಿಜ್ಞಾನಿ, ಪ್ರಾಣಿಯ ನೋವನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಮರೆಮಾಚದೆ ಹೇಳಿಬಿಟ್ಟನು. ಆಯೋಗದ ಸದಸ್ಯರಲ್ಲೊಬ್ಬನಾಗಿದ್ದ ಥಾಮಸ್ ಹೆನ್ರಿ ಹಕ್ಸ್ಲಿಗೆ ಈ ಮಾತಿನಿಂದ ಆದ ಕಸಿವಿಸಿ ಅಷ್ಟಿಷ್ಟಲ್ಲ. ಮುಂದೆ ಒಂಬತ್ತು ವರ್ಷ ಕಳೆದು, ದಕ್ಷಿಣ ಕೆನ್ಸಿಂಗ್ಟನ್ನಿನ ವಿಜ್ಞಾನಶಾಲೆಯಲ್ಲಿ ವೆಲ್ಸನಿಗೆ ಜೀವಶಾಸ್ತ್ರ ಕಲಿಸಿದ ಗುರುವೂ ಈ ಹಕ್ಸ್ಲಿಯೇ.

ಆಯೋಗದ ಫಲವಾಗಿ 1876ರ ಆಗಸ್ಟಿನಲ್ಲಿ ಬಂದ ಕಾನೂನು ಜೀವಂತ ಪ್ರಾಣಿಗಳ ಮೇಲಣ ಪ್ರಯೋಗಕ್ಕೆ ಪರವಾನಗಿಯನ್ನೂ ಅರಿವಳಿಕೆಯನ್ನೂ ವಿಧಿಸಿ, ವಿನಾಯಿತಿಗಳಿಗೂ ಧಾರಾಳವಾಗಿ ಬಾಗಿಲು ತೆರೆದಿಟ್ಟಿತು. ಅದರಲ್ಲಿ ಒಂದು ಸಣ್ಣ ಕಲಮು ಉಂಟು: ಕ್ಯುರಾರೆ ಎಂಬ ದ್ರವ್ಯವನ್ನು ಅರಿವಳಿಕೆಯೆಂದು ಎಣಿಸತಕ್ಕದ್ದಲ್ಲ. ಕ್ಯುರಾರೆ ಎಂಬುದು ದಕ್ಷಿಣ ಅಮೆರಿಕದ ಕಾಡುಜನ ಬಾಣದ ಮೊನೆಗೆ ಸವರುವ ನಂಜು. ಅದು ಮೈಗೇರಿದರೆ ಸ್ನಾಯುಗಳೆಲ್ಲ ಸೋತು ಪ್ರಾಣಿ ಅಲುಗಾಡದೆ ಬೀಳುತ್ತದೆ, ಕೂಗಲಾರದು, ಒದ್ದಾಡಲಾರದು. ಆದರೆ ಒಳಗಿನ ಸಂವೇದನೆ ಹಾಗೆಯೇ ಎಚ್ಚರವಾಗಿರುತ್ತದೆ ಎಂಬುದನ್ನು ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬೆರ್ನಾರನು, ಅದನ್ನು ಬಳಸುತ್ತಲೇ, ವಿವರವಾಗಿ ಬರೆದಿದ್ದನು. ಕೊಯ್ಯುವವನ ಕೈ ನಡುಗದಿರಲೆಂದು ಕೊಯ್ಯಿಸಿಕೊಳ್ಳುವುದರ ಬಾಯಿ ಕಟ್ಟುವ ಉಪಾಯವಿದು. ಶಾಸನದ ಭಾಷೆಯಲ್ಲಿ ಒಂದೇ ಸಾಲಿಗೆ ಮುಗಿದುಹೋದ ಈ ಸಂಗತಿಗಿಂತ ಘೋರವಾದುದನ್ನು ಯಾವ ಕಾದಂಬರಿಕಾರನೂ ಕಟ್ಟಿದ್ದನ್ನು ನಾನು ಓದಿಲ್ಲ.

ವೆಲ್ಸನು ಮೊರೋನ ಕಥೆಯಲ್ಲಿ ಇದರ ಮರುಮಗ್ಗುಲನ್ನು ಹಿಡಿದನು. ಹಡಗೊಡೆದು ದ್ವೀಪ ಸೇರಿದ ಪ್ರೆಂಡಿಕ್ ತಾನೂ ಹಕ್ಸ್ಲಿಯ ಶಿಷ್ಯನೆಂದು ಹೇಳಿಕೊಳ್ಳುವವನು. ಕೊಯ್ಯುವ ಮೇಜು ಅವನಿಗೆ ಹೊಸದಲ್ಲ. ಮೈ ಸುಲಿದ ನಾಯಿಯೊಂದು ತಪ್ಪಿಸಿಕೊಂಡು ಬೀದಿಗೆ ಬಂದದ್ದರಿಂದ ಗುಟ್ಟು ರಟ್ಟಾಗಿ ಲಂಡನ್ ಬಿಡಬೇಕಾದ ಮೊರೋ, ಈಗ ಪಕ್ಕದ ಕೋಣೆಯಲ್ಲಿ ಪ್ಯೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಯ ಮೃಗವೊಂದನ್ನು ಕೊಯ್ಯುತ್ತಿದ್ದಾನೆ. ಪ್ರೆಂಡಿಕನ ಕೈಯಲ್ಲಿ ಲ್ಯಾಟಿನ್ ಕವಿ ಹೊರೇಸನ ಪುಸ್ತಕ. ಗೋಡೆಯಾಚೆಯಿಂದ ಕೂಗು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಪುಸ್ತಕವನ್ನು ಕೆಳಗಿಟ್ಟು ಅತ್ತಿತ್ತ ಶತಪಥ ಹಾಕುತ್ತಾನೆ, ಕಿವಿ ಮುಚ್ಚಿಕೊಳ್ಳುತ್ತಾನೆ, ಕೊನೆಗೆ ತಡೆಯಲಾರದೆ ಹೊರಗೆ ಓಡುತ್ತಾನೆ. ಆಗ ಅವನಿಗೆ ತನ್ನ ವಿಷಯದಲ್ಲಿಯೇ ಒಂದು ಸತ್ಯ ಹೊಳೆಯುತ್ತದೆ: ಆ ಮೃಗಕ್ಕೆ ದನಿಯೊಂದು ಇರದಿದ್ದರೆ, ಅಷ್ಟೇ ಯಾತನೆ ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದರೂ ತಾನು ನೆಮ್ಮದಿಯಾಗಿ ಓದುತ್ತ ಕುಳಿತಿರುತ್ತಿದ್ದೆನಲ್ಲ ಎಂದು. ಅನಂತರ ಬರುವ ಮೃಗಮಾನವರ ಓಟ, ಬೇಟೆ, ರಕ್ತಪಾತಗಳೆಲ್ಲ ಇದರ ಮುಂದೆ ನನಗೆ ಮಕ್ಕಳಾಟಿಕೆಯಂತೆ ತೋರುತ್ತವೆ.

ಇದನ್ನೋದಿ ವೆಲ್ಸನು ಜೀವಚ್ಛೇದನದ ವಿರೋಧಿಯೆಂದು ಭಾವಿಸಿದವರು ಮೋಸಹೋದರು. 1927ರಲ್ಲಿ, ಈ ಪ್ರಯೋಗಗಳನ್ನು ಖಂಡಿಸುತ್ತಿದ್ದ ನಾಟಕಕಾರ ಬರ್ನಾರ್ಡ್ ಷಾನೊಡನೆ ವಿಜ್ಞಾನಿಗಳ ಪರವಾಗಿ ವಾದಕ್ಕೆ ನಿಂತವನು ಇದೇ ವೆಲ್ಸ್. ಕೃತಿ ಕರ್ತೃವಿಗಿಂತ ಹೆಚ್ಚು ಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಡ.

1876ಕ್ಕೆ ಮರಳೋಣ. ಲಂಡನ್ನಿನಲ್ಲಿ ನಾಯಿ ಮೊಲಗಳ ರಕ್ಷಣೆಗೆ ಕಾನೂನು ಬರುವುದಕ್ಕೆ ಮೂರು ತಿಂಗಳು ಮುಂಚೆ, ಮೇ ತಿಂಗಳಿನಲ್ಲಿ, ಟಾಸ್ಮೇನಿಯಾದ ಹೋಬರ್ಟ್ ಪಟ್ಟಣದಲ್ಲಿ ಟ್ರುಗನಿನಿ ಎಂಬ ಮೂಲನಿವಾಸಿ ಮುದುಕಿ ತೀರಿಕೊಂಡಳು. 1803ರಲ್ಲಿ ಆಂಗ್ಲರು ನೆಲೆಯೂರಿದಂದಿನಿಂದ ಗುಂಡು, ರೋಗ, ಗಡೀಪಾರುಗಳಿಂದ ಸವೆದುಹೋದ ಆ ಜನಾಂಗದ ಕೊನೆಯವಳು ಅವಳೆಂದು ಬಿಳಿಯರು ಸಾರಿದರು. ಅದು ಸುಳ್ಳು, ಅವರ ಸಂತತಿ ಇಂದಿಗೂ ಅಲ್ಲಿ ಬಾಳುತ್ತಿದೆ. ಆದರೆ ವೆಲ್ಸನ ಕಾಲ ಅದನ್ನೇ ನಂಬಿತ್ತು. ಇಂಗ್ಲೆಂಡಿನ ಸರ್ರೆ ಪ್ರಾಂತದ ಹಳ್ಳಿಗಾಡಿನಲ್ಲಿ ವೆಲ್ಸನು ಅಣ್ಣ ಫ್ರಾಂಕನೊಡನೆ ಅಡ್ಡಾಡುತ್ತಿದ್ದಾಗ ಟಾಸ್ಮೇನಿಯನ್ನರ ಮಾತು ಬಂದು, ಇದ್ದಕ್ಕಿದ್ದಂತೆ ಬೇರೊಂದು ಗ್ರಹದವರು ಬಾನಿನಿಂದ ಇಲ್ಲಿ ಬಂದಿಳಿದರೆ ಹೇಗೆಂದು ಅಣ್ಣ ಕೇಳಿದನಂತೆ. ‘ಲೋಕಗಳ ಯುದ್ಧ’ ಅಣ್ಣನಿಗೇ ಅರ್ಪಿತವಾಗಿದೆ.

ಆಗ ವೋಕಿಂಗ್ ಪಟ್ಟಣದ ಬಾಡಿಗೆಮನೆಯಲ್ಲಿದ್ದ ವೆಲ್ಸ್, ಹೊಸದಾಗಿ ಕಲಿತ ಸೈಕಲ್ಲಿನ ಮೇಲೆ ಸುತ್ತಮುತ್ತಲ ಊರುಗಳನ್ನು ಸುತ್ತಿ, ಮಂಗಳದವರಿಂದ ಸುಡಿಸಲು ತಕ್ಕ ಸ್ಥಳಗಳನ್ನೂ ಜನರನ್ನೂ ಗೊತ್ತುಮಾಡಿಕೊಂಡು ಬರುತ್ತಿದ್ದನು. ನೆರೆಹೊರೆಯ ಮೇಲಣ ಸಿಟ್ಟಿಗೆ ಇಷ್ಟು ನಿರಪಾಯವಾದ ದಾರಿ ಎಲ್ಲ ಲೇಖಕರಿಗೂ ದೊರಕಲಿ! ಕಥೆಯಲ್ಲಿ ಮೊದಲ ಉರುಳೆ ಬಿದ್ದದ್ದು ಅಲ್ಲಿಯೇ, ಹಾರ್ಸೆಲ್ ಬಯಲಿನ ಮರಳುಗುಳಿಯಲ್ಲಿ. ಮಂಗಳದವರು ಉಣ್ಣುವುದಿಲ್ಲ; ಸಜೀವ ಮನುಷ್ಯನ ರಕ್ತವನ್ನು ನಳಿಕೆಯಿಂದ ಸೆಳೆದು ತಮ್ಮ ನಾಳಗಳಿಗೆ ಏರಿಸಿಕೊಳ್ಳುತ್ತಾರೆ. ನಾರ್ವಿಚ್ಚಿನ ನಾಯಿಗಳನ್ನು ಓದುಗನು ನೆನೆಯಬೇಕಾದ ಸ್ಥಳವಿದು. ಇದನ್ನು ಹೇಸಿಕೊಂಡು ವರ್ಣಿಸಿದ ನಿರೂಪಕನೇ ಮರುಗಳಿಗೆಯಲ್ಲಿ, ಬುದ್ಧಿವಂತ ಮೊಲವೊಂದಕ್ಕೆ ನಮ್ಮ ಊಟ ಹೇಗೆ ಕಂಡೀತೆಂದು ಯೋಚಿಸಿರೆನ್ನುತ್ತಾನೆ. ಪಠ್ಯಪುಸ್ತಕದ ಮೊಲ ಐದು ವರ್ಷದಲ್ಲಿ ಮೇಜಿನಿಂದೆದ್ದು ಕುಳಿತಿತ್ತು. ಕಡೆಗೆ ಆ ಜೀವಿಗಳನ್ನು ಕೊಂದದ್ದು ಭೂಮಿಯ ಸೂಕ್ಷ್ಮಾಣುಗಳು. ನೋವನ್ನು ಲೆಕ್ಕಿಸದ ಆ ಕ್ಲೈನ್ ಪಂಡಿತನ ಶಾಸ್ತ್ರವೂ ಸೂಕ್ಷ್ಮಾಣುಗಳದೇ.

ಮುಂದಿನವರಲ್ಲಿ ಒಬ್ಬನನ್ನು ಮಾತ್ರ ಹೆಸರಿಸುತ್ತೇನೆ. 1938ರಲ್ಲಿ ಅಮೆರಿಕದ ಜಾನ್ ಕ್ಯಾಂಪ್ಬೆಲ್ ‘ಯಾರಲ್ಲಿ?’ ಎಂಬರ್ಥದ ಹೆಸರಿನ ನೀಳ್ಗತೆಯಲ್ಲಿ ಅನ್ಯಗ್ರಹದ ಜೀವಿಯನ್ನೂ ಪ್ರಯೋಗವನ್ನೂ ಒಂದೇ ಸೂರಿನಡಿ ತಂದನು: ದಕ್ಷಿಣಧ್ರುವದ ಹಿಮದಿಂದ ಅಗೆದು ತೆಗೆದ ಜೀವಿ ಕರಗಿ ಎದ್ದು ಶಿಬಿರದವರ ರೂಪವನ್ನೇ ತಾಳುತ್ತದೆ, ಯಾರು ಮನುಷ್ಯರೆಂದು ತಿಳಿಯಲು ಒಬ್ಬೊಬ್ಬರ ರಕ್ತಕ್ಕೂ ಕಾದ ತಂತಿ ತಾಗಿಸಿ ನೋಡಬೇಕಾಗುತ್ತದೆ.

ವೆಲ್ಸನ ಕಾದಂಬರಿಯ ಮೂಲೆಯಲ್ಲಿ ಇನ್ನೊಂದು ವಿವರವುಂಟು. ಯುದ್ಧ ಮುಗಿದ ಮೇಲೆ ಸತ್ತ ಮಂಗಳದವನೊಬ್ಬನ ದೇಹವನ್ನು ಮದ್ಯಸಾರದಲ್ಲಿ ಅದ್ದಿ ಲಂಡನ್ನಿನ ನಿಸರ್ಗವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ, ಎಂದರೆ ವೆಲ್ಸನು ಓದಿದ ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿಯೇ, ಜನರ ನೋಟಕ್ಕೆ ಇಟ್ಟಿದ್ದಾರಂತೆ. ಇದು 1898ರ ಕಲ್ಪನೆ. ತನ್ನ ಹೆಣವನ್ನು ಕೊಯ್ಯಬಾರದೆಂದು ಅಂಗಲಾಚಿ ಸತ್ತ ಟ್ರುಗನಿನಿಯ ಎಲುಬುಗಳನ್ನು ಹೂಳಿದಲ್ಲಿಂದ ಅಗೆದು ತೆಗೆದಿದ್ದ ಪಂಡಿತರು, 1904ರಲ್ಲಿ ಅವನ್ನು ಜೋಡಿಸಿ ಹೋಬರ್ಟಿನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು. 1947ರವರೆಗೆ ಅವು ಅಲ್ಲಿ ಜನರ ನೋಟಕ್ಕೆ ಇದ್ದವು. 1976ರಲ್ಲಿ, ಅವಳು ಸತ್ತು ನೂರು ವರ್ಷ ತುಂಬುತ್ತಿರುವಾಗ, ಎಲುಬುಗಳನ್ನು ದಹಿಸಿ ಬೂದಿಯನ್ನು ಅವಳ ಹುಟ್ಟೂರ ಬಳಿಯ ಕಡಲಿನಲ್ಲಿ ಬಿಟ್ಟರು.