ಹಳಿ ಇಲ್ಲದ ರೈಲುದಾರಿ

ಎರಡನೇ ದಿನ ಸಂಜೆ ರೋಷ್‌ಪೋರ್ಟ್ ಸುರಂಗದ ಬಾಯಲ್ಲಿ ಸೈಕಲ್ ಒರಗಿಸಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. ಮೂವತ್ತು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು ಮೊದಲು ಕೇಳಿದ್ದೇ, "ಹಳಿ ಎಲ್ಲೋ?"

"ಕಿತ್ತಿದಾರೆ ಅಪ್ಪ."

"ಹಳಿ ಕಿತ್ತ ಮೇಲೂ ಜಾಗ ಹೆಂಗೆ ಉಳೀತು? ಯಾರೂ ಬೇಲಿ ಹಾಕ್ಕೊಳ್ಳಲಿಲ್ವಾ?"

ಒಳ್ಳೇ ಪ್ರಶ್ನೆ. ಅಮೆರಿಕದ ಮಿಸೌರಿ ರಾಜ್ಯದ ಈ ಕೇಟಿ ಟ್ರೇಲ್‌ನ ಇತಿಹಾಸವೆಲ್ಲ ಅದರಲ್ಲೇ ಇದೆ. ಕ್ಲಿಂಟನ್‌ನಿಂದ ಮೇಕನ್ಸ್‌ವರೆಗೆ ಸುಮಾರು 380 ಕಿ.ಮೀ., ನನ್ನ ಲೆಕ್ಕದಲ್ಲಿ ಐದು ದಿನ. ಬೂನ್‌ವಿಲ್‌ನಲ್ಲಿ ಮಿಸೌರಿ ನದಿ ಸಿಗುತ್ತೆ. ಅಲ್ಲಿಂದ ಬಹುದೂರ ಬಲಕ್ಕೆ ಹೊಳೆ, ಎಡಕ್ಕೆ ಸುಣ್ಣಕಲ್ಲಿನ ಬಂಡೆಗೋಡೆ. ಉಗಿಬಂಡಿ ಹತ್ತಲೆಂದು ಮಾಡಿದ ದಾರಿ, ಹಾಗಾಗಿ ಏರು ಕಾಲಿಗೆ ಗೊತ್ತೇ ಆಗಲ್ಲ.

ಮಿಸೌರಿ–ಕಾನ್ಸಸ್–ಟೆಕ್ಸಸ್ ರೈಲ್ವೆಯನ್ನು ಜನ ಪ್ರೀತಿಯಿಂದ 'ಕೇಟಿ' ಅಂತಿದ್ರು. ರೋಷ್‌ಪೋರ್ಟ್‌ನ ಸುರಂಗ 1893ರದ್ದು. ದಾರಿ ಕೊಟ್ಟ ಹೊಳೆಯೇ ಅದನ್ನು ಕಿತ್ತುಕೊಳ್ಳುತ್ತಲೂ ಇತ್ತು. 1986ರ ಪ್ರವಾಹದ ನಂತರ ಕಂಪನಿ ಈ ಭಾಗದ ಸಂಚಾರ ಕೈಬಿಟ್ಟಿತು.

ಸಾಮಾನ್ಯವಾಗಿ ಅಲ್ಲಿಗೆ ಕತೆ ಮುಗೀಬೇಕು. ಎಷ್ಟೋ ಕಡೆ ರೈಲ್ವೆಗೆ ಇದ್ದದ್ದು ಓಡಾಡುವ ಹಕ್ಕು ಮಾತ್ರ. ರೈಲು ನಿಂತರೆ ಜಮೀನು ಅಕ್ಕಪಕ್ಕದ ರೈತರಿಗೆ ವಾಪಸ್. ಒಮ್ಮೆ ತುಂಡಾದ ದಾರಿಯನ್ನು ಮತ್ತೆ ಜೋಡಿಸೋದು ಅಸಾಧ್ಯ ಅಂತ 1983ರಲ್ಲಿ ಒಂದು ಕಾನೂನು ತಿದ್ದುಪಡಿ ಬಂತು: ಮುಂದೆಂದಾದರೂ ರೈಲಿಗೆ ಬೇಕಾಗಬಹುದು, ಅಲ್ಲೀವರೆಗೆ ನಡೆಯುವವರು, ಸೈಕಲ್‌ನವರು ಬಳಸಲಿ. ಕಾಗದದ ಮೇಲೆ ದಾರಿ 'ಕೈಬಿಟ್ಟದ್ದು' ಅಲ್ಲ, ಕಾದಿಟ್ಟದ್ದು. ಟೆಡ್ ಜೋನ್ಸ್, ಪ್ಯಾಟ್ ಜೋನ್ಸ್ ದಂಪತಿ 20 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. 1990ರಲ್ಲಿ ಮೊದಲ ಭಾಗ ಇದೇ ರೋಷ್‌ಪೋರ್ಟ್‌ನಲ್ಲಿ ತೆರೆಯಿತು. ಅದೇ ವರ್ಷ ಟೆಡ್ ತೀರಿಕೊಂಡರು. 1993ರಲ್ಲಿ ಹೊಳೆ ಮತ್ತೆ ಉಕ್ಕಿ ದಾರಿಯನ್ನು ಹಾಳುಗೆಡವಿತು, ಮತ್ತೆ ಕಟ್ಟಿದರು.

ರೈತರು ಸುಮ್ಮನಿರಲಿಲ್ಲ. ತಾತ ಜಾಗ ಬಿಟ್ಟದ್ದು ರೈಲಿಗೆ, ಮೋಜಿನ ಸವಾರರಿಗಲ್ಲ ಅನ್ನೋದು ಅವರ ವಾದ. 1990ರಲ್ಲಿ ವರ್ಮಾಂಟ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು, ಆದರೆ ಪರಿಹಾರ ಕೇಳುವ ಬಾಗಿಲು ಮುಚ್ಚಲಿಲ್ಲ. 2000ದಲ್ಲಿ ಮಿಸೌರಿಯ ಕೆಲವು ಜಮೀನುದಾರರ ಪರವಾಗಿ ತೀರ್ಪು ಬಂತು. ನನಗೆ ಎರಡೂ ಸರಿಯೆನಿಸುತ್ತೆ. ದಾರಿ ಉಳಿಯಬೇಕಿತ್ತು, ಅದರ ಬೆಲೆಯನ್ನು ರೈತನೊಬ್ಬನೇ ಕಟ್ಟಬಾರದಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಲೈನ್ ಇನ್ನೂ ಬಂದ್ ಆಗಿಲ್ಲ ಅನ್ನು. ಫೋನ್ ಸ್ವಲ್ಪ ಕೆಳಗೆ ಹಿಡಿ, ನೆಲ ನೋಡೋಣ."

ಹಿಡಿದೆ. ಪುಡಿಗಲ್ಲಿನ ದಾರಿ, ಪಕ್ಕದಲ್ಲಿ ನೀರು ಹರಿಯೋ ಚರಂಡಿ.

"ಚರಂಡಿ ಚೆನ್ನಾಗಿಟ್ಟಿದಾರೆ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.